ಅರಿಶಿಣ ಹತ್ತಿದ ಸ್ಕ್ರೂ

ಮಕ್ತುಮ್ ಕಾಕಾ ಅವರ ಮನೆಯ ಗೋಡೆಯ ಮೇಲೆ ಎಪ್ಪತ್ತಕ್ಕೂ ಹೆಚ್ಚು ಸ್ಕ್ರೂಡ್ರೈವರುಗಳು ತೂಗುತ್ತಿದ್ದವು, ಅವುಗಳಲ್ಲಿ ಒಂದನ್ನೂ ಅವರು ಅಂಗಡಿಯಿಂದ ತಂದಿರಲಿಲ್ಲ. ಒಂದು ಸ್ಕ್ರೂ ಬಿಚ್ಚಬೇಕೆಂದರೆ ಮೊದಲು ಅದರ ತಲೆಯಲ್ಲಿರುವ ಸೀಳಿನ, ಅಂದರೆ ಬಾಯಿಯ, ಅಳತೆ ನೋಡಿ, ಅದಕ್ಕೆಂದೇ ಒಂದು ಡ್ರೈವರ್ ಮಾಡಿ, ಆಮೇಲೆ ಬಿಚ್ಚುವ ಮನುಷ್ಯ ಅವರು. ಹೌದು, ಒಂದು ಸ್ಕ್ರೂಗೆ ಒಂದು! ಪ್ರತಿಯೊಂದರ ಹಿಡಿಕೆಗೂ ದಾರ ಕಟ್ಟಿದ ಒಂದು ಚೀಟಿ. ಬಂದೂಕು ಯಾರದು, ಯಾವ ಸ್ಕ್ರೂ, ಯಾವ ವಾರ ಮಾಡಿದ್ದು, ಎಲ್ಲ ಅದರ ಮೇಲೆ ಬರೆದಿರುತ್ತಿತ್ತು.

ಬಂದೂಕು ಎಂದ ಕೂಡಲೇ ಗಾಬರಿ ಬೀಳಬೇಡಿ. ಕಾಕಾ ಕೈ ಹಚ್ಚುತ್ತಿದ್ದುದು ಏರ್‌ಗನ್ನಿಗೆ ಮಾತ್ರ. ಗಾಳಿಯ ಒತ್ತಡದಿಂದ ಕಾಳಿನಷ್ಟು ಸೀಸದ ಗುಂಡು ಹಾರಿಸಿ ಗುರಿ ಹೊಡೆಯುತ್ತೇವಲ್ಲ, ಆ ಆಟದ ಬಂದೂಕು. ಮೂವತ್ತು ವರ್ಷ ಲೇಥಿನ ಮುಂದೆ ನಿಂತು ನಿವೃತ್ತರಾದ ಮೇಲೆ ಹತ್ತಿಸಿಕೊಂಡ ಚಟ ಅದು. ಬೆಂಗೇರಿಯ ಅವರ ಮನೆಯ ಪಡಸಾಲೆಯ ಅರ್ಧ ಭಾಗವೇ ವರ್ಕ್‌ಶಾಪು. ಅವರ ಹೆಂಡತಿ ಚಾಚಿಯ ಹಳೇ ಹೊಲಿಗೆ ಮಷೀನಿನ ಪೆಡಲಿಗೆ ಸಾಣೆಕಲ್ಲು ಕೂಡಿಸಿದ್ದರು. ಚಾಚಿಯ ಮುರಿದ ಲಟ್ಟಣಿಗೆ ಮೂರು ಡ್ರೈವರುಗಳ ಹಿಡಿಕೆಯಾಗಿತ್ತು. ಬಿಚ್ಚಿದ ಸ್ಕ್ರೂಗಳ ಸರದಿ ತಪ್ಪಬಾರದೆಂದು ಒಂದೊಂದನ್ನೂ ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಇಡುತ್ತಿದ್ದರು. "ನಮ್ಮ ಮನ್ಯಾಗ ಇಡ್ಲಿ ತಿಂದು ಆರು ವರ್ಷಾತು ನೋಡ್ರಿ ಟೀಚರ್" ಎಂದು ಚಾಚಿ ನನ್ನ ಮುಂದೆ ಫಿರ್ಯಾದು ಹೇಳಿದರೆ ಕಾಕಾ ಕೇಳಿಸಿಕೊಳ್ಳದವರ ಹಾಗೆ ಅರ ತಿಕ್ಕುತ್ತಿದ್ದರು.

ಒಮ್ಮೆ ಮುಗದ ಹಳ್ಳಿಯ ಜಮೀನುದಾರರೊಬ್ಬರು ಅಜ್ಜನ ಕಾಲದ ಜೋಡುನಳಿಗೆ ಬಂದೂಕು ತಂದಿದ್ದರು. ಲೈಸೆನ್ಸು ಪಕ್ಕಾ ಇತ್ತು, ಒಂದು ಸ್ಕ್ರೂ ಮಾತ್ರ ಸಡಿಲ. ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಬಗ್ಗಿ ಹತ್ತು ನಿಮಿಷ ಅದನ್ನೇ ನೋಡಿದರು. ಆಮೇಲೆ ಚಹಾ ಕುಡಿಸಿ, "ಸಾಹುಕಾರ್ರ, ಲೈಸೆನ್ಸ್ ಇರೂ ಬಂದೂಕು ಲೈಸೆನ್ಸ್ ಇರೂ ಅಂಗಡಿಗೇ ಹೋಗ್ಬೇಕ್ರಿ" ಎಂದು ಕಳಿಸಿಬಿಟ್ಟರು. ಕೈ ಯಾಕೆ ಕಟ್ಟಿಕೊಂಡಿದ್ದಿರಿ ಎಂದು ನಾನು ಕೇಳಿದ್ದಕ್ಕೆ, ಬಿಟ್ಟಿದ್ದರೆ ತಾವೇ ಹೋಗಿ ಬಿಚ್ಚುತ್ತಿದ್ದವು ಎಂದರು. ಮುಂದೆ ಒಂದು ವಾರ ಆ ಬಂದೂಕಿನ ಕೆತ್ತನೆಯ ವರ್ಣನೆ ಕೇಳಿ ಕೇಳಿ ನನಗೆ ಸಾಕೋ ಸಾಕಾಯಿತು.

ಇನ್ನು ನಾನು ಅಲ್ಲಿಗೆ ಹೋಗಿ ಬಿದ್ದದ್ದು ಹೇಗೆಂದು ಹೇಳಬೇಕು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿಕೊಂಡು ಸುಮ್ಮನಿದ್ದವಳಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಗುರಿ ಹೊಡೆಯುವ ಹುಚ್ಚು ಹಿಡಿಯಿತು. ದೇಶಪಾಂಡೆ ನಗರದ ನಮ್ಮ ಓಣಿಯವರು ನಕ್ಕರು, ನಗಲಿ ಬಿಡಿ. ಸೆಕೆಂಡ್‌ಹ್ಯಾಂಡ್ ಏರ್ ರೈಫಲ್ ಒಂದನ್ನು ಕೊಂಡು ಎಂಟು ತಿಂಗಳು ಬೆವರು ಸುರಿಸಿ ಅಭ್ಯಾಸ ಮಾಡಿ ಜಿಲ್ಲಾ ಸ್ಪರ್ಧೆಗೆ ಹೆಸರು ಕೊಟ್ಟೆ. ಜೀವನದಲ್ಲಿ ಮೊದಲ ಸ್ಪರ್ಧೆ! ರವಿವಾರ ಸ್ಪರ್ಧೆ, ಬುಧವಾರ ನೋಡಿದರೆ ಗುರಿ ಹಿಡಿಯುವ ಹಿಂದಿನ ಸೈಟು ಗಡಗಡ ಅಲುಗಾಡುತ್ತಿದೆ. ನಾನೋ ದುಡುಕಿನವಳು. ಅಡಿಗೆಮನೆಯಲ್ಲಿ ಮಿಕ್ಸರ್ ಬಿಚ್ಚಲು ಇಟ್ಟಿದ್ದ ಸ್ಕ್ರೂಡ್ರೈವರ್ ತಂದು ಶಕ್ತಿಯೆಲ್ಲ ಹಾಕಿ ತಿರುವಿದೆ. ಅದು ಜಾರಿ ಸ್ಕ್ರೂವಿನ ಬಾಯಿಯೇ ಕಿತ್ತುಹೋಯಿತು. ಇನ್ನು ಯಾವ ಡ್ರೈವರೂ ಅದರಲ್ಲಿ ಕೂಡುವ ಹಾಗಿರಲಿಲ್ಲ.

ನಾನು ಅಭ್ಯಾಸ ಮಾಡುತ್ತಿದ್ದ ರೈಫಲ್ ಕ್ಲಬ್ಬಿನವರು ಕಾಕಾನ ವಿಳಾಸ ಕೊಟ್ಟರು. ಗುರುವಾರ ಕಾಲೇಜು ಮುಗಿಸಿ ಹೋಗಿ ರೈಫಲ್ ಅವರ ಮುಂದೆ ಇಟ್ಟೆ. ಯಾರು ಕೈ ಹಚ್ಚಿದ್ದರು ಎಂದು ಕೇಳಿದರು. ಕಾಲೇಜಿನ ಮೇಡಂ ನಾನು, ಮರ್ಯಾದೆಯ ಪ್ರಶ್ನೆ ನೋಡಿ! ಯಾರೂ ಇಲ್ಲ, ತಂದಾಗಿನಿಂದ ಹೀಗೇ ಇದೆ ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ಕಾಕಾ ಕಣ್ಣಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಭಾಳ ಮೆತ್ತಗೆ ಹೇಳಿದರು:

"ಮೇಡಮ್ಮಾರ, ಸ್ಕ್ರೂ ಬಾಯಾಗ ಅರಿಶಿಣ ಐತ್ರಿ."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಒಳಗಿನಿಂದ ಚಾಚಿ ನಗುವುದು ಕೇಳಿಸಿತು. ತಪ್ಪಾಯಿತು ಕಾಕಾ, ನಾನೇ ಮಾಡಿದ್ದು, ರವಿವಾರ ನನ್ನ ಸ್ಪರ್ಧೆ ಇದೆ ಎಂದು ಒಂದೇ ಉಸಿರಿಗೆ ಎಲ್ಲ ಕಕ್ಕಿಬಿಟ್ಟೆ. ಅವರು ಬೈಯಲಿಲ್ಲ. ಕಿತ್ತುಹೋದ ಅಂಚುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಒಳಗೆ ಕೂಡಿಸಿದರು, ಬಾಯನ್ನು ತೆಳು ಅರದಿಂದ ಸ್ವಚ್ಛ ಮಾಡಿದರು. ಆಮೇಲೆ ಒಂದು ಉಕ್ಕಿನ ಕಡ್ಡಿ, ಒಂದು ಅರ ನನ್ನ ಕೈಗೆ ಕೊಟ್ಟರು.

"ಕೆಡಿಸಿದ ಕೈನ ಮಾಡ್ಬೇಕು, ಬೇಟಾ. ಕುಂದರು."

ಮೇಡಮ್ಮಾರ ಹೋಗಿ ಬೇಟಾ ಆಗಿಬಿಟ್ಟಿದ್ದೆ!

ರೈಫಲ್ ಕಾಕಾನ ಹತ್ತಿರವೇ ಬಿಟ್ಟೆ; ಆ ಮೂರು ದಿನ ಕಾಲೇಜು ಬಿಟ್ಟ ಕೂಡಲೇ ಸ್ಕೂಟಿ ಬೆಂಗೇರಿಗೆ ಓಡುತ್ತಿತ್ತು. ಕಡ್ಡಿಯ ತುದಿಯನ್ನು ಸ್ಕ್ರೂವಿನ ಬಾಯಿಗೆ ಸರಿಯಾಗಿ ಕೂಡುವಂತೆ ಅರದಿಂದ ತಿಕ್ಕಬೇಕು. ಎರಡು ಎಳೆತ ಹೆಚ್ಚಾದರೆ ಸಡಿಲ, ಕಡಿಮೆಯಾದರೆ ಒಳಗೇ ಹೋಗುವುದಿಲ್ಲ. ಕಾಕಾನ ಪರೀಕ್ಷೆ ಒಂದೇ: ರೈಫಲನ್ನು ಮೇಜಿನ ಮೇಲೆ ಮಲಗಿಸಿ, ಸ್ಕ್ರೂವಿನಲ್ಲಿ ಡ್ರೈವರ್ ಇಟ್ಟು ಕೈ ಬಿಡಬೇಕು. ಅದು ತಾನಾಗಿ ನೆಟ್ಟಗೆ ನಿಲ್ಲಬೇಕು. ಗುರುವಾರ ನನ್ನದು ಧೊಪ್ಪನೆ ಬಿತ್ತು. ಶುಕ್ರವಾರ ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ವಾಲಿ ಬಿತ್ತು. ಬೆರಳುಗಳಲ್ಲಿ ಗುಳ್ಳೆ ಎದ್ದವು. ಕಾಕಾ, ಇದೊಂದು ಸಲ ನೀವೇ ಮಾಡಿಕೊಡಿ, ನನ್ನ ಎಂಟು ತಿಂಗಳು ನೀರಿಗೆ ಹೋಗುತ್ತದೆ ಎಂದು ಅಂಗಲಾಚಿದೆ. ಅವರು ನಾನು ಕೆಡಿಸಿದ ತುದಿಯನ್ನು ಕತ್ತರಿಸಿ, ಕಡ್ಡಿಯನ್ನು ತಿರುಗಿ ನನ್ನ ಕೈಗೇ ಇಟ್ಟು ನಮಾಜಿಗೆ ಎದ್ದು ಹೋದರು. ಎಂಥಾ ಕಲ್ಲು ಮನಸ್ಸಪ್ಪಾ ಈ ಮುದುಕನದು ಎಂದು ಮನಸ್ಸಿನಲ್ಲೇ ಶಪಿಸಿದೆ, ಖರೇ ಹೇಳುತ್ತೇನೆ.

ಶನಿವಾರ ಸಂಜೆ ನಿಂತಿತು! ಕೈ ಬಿಟ್ಟೆ, ನಿಂತೇ ಇತ್ತು. ನಾನು ಚಪ್ಪಾಳೆ ಹೊಡೆದುಕೊಂಡು ಕುಣಿದುಬಿಟ್ಟೆ. ಕಾಕಾ ಕುಣಿಯಲು ಬಿಡಲಿಲ್ಲ, ಇನ್ನೂ ಗಟ್ಟಿ ಮಾಡುವುದಿದೆ ಎಂದು ಅಡಿಗೆಮನೆಗೆ ಕರೆದೊಯ್ದರು. ಚಾಚಿಯ ಗ್ಯಾಸಿನ ಮೇಲೆ ತುದಿಯನ್ನು ಕೆಂಪಗೆ ಕಾಯಿಸಿ ಶೇಂಗಾ ಎಣ್ಣೆಯಲ್ಲಿ ಅದ್ದಿದೆವು. ತಿಕ್ಕಿ ಹೊಳಪು ಮಾಡಿ ಮತ್ತೆ ಹದವಾಗಿ ಕಾಯಿಸುವಾಗ ಉಕ್ಕಿನ ಮೇಲೆ ಬಣ್ಣಗಳು ಓಡತೊಡಗಿದವು. ಮೊದಲು ಹಳದಿ, ಆಮೇಲೆ ಕಂದು. "ಬದನಿಕಾಯಿ ಬಣ್ಣ ಬಂದ ಕೂಡ್ಲೆ ತಗೀಬೇಕು, ನೋಡಕೋತ ಇರು" ಎಂದರು ಕಾಕಾ. ಬಂತು ನೋಡಿ, ಥೇಟ್ ಬದನೆಕಾಯಿಯ ಬಣ್ಣ! ಇಪ್ಪತ್ತು ವರ್ಷ ಪ್ರಯೋಗಶಾಲೆಯಲ್ಲಿ ಕಳೆದವಳಿಗೆ ಅಂಥ ರೋಮಾಂಚನ ಎಂದೂ ಆಗಿರಲಿಲ್ಲ. ಅದೇ ಡ್ರೈವರಿನಿಂದ ಅಂದೇ ಸೈಟು ಬಿಗಿ ಮಾಡಿದೆ.

ರವಿವಾರ ಸ್ಪರ್ಧೆಯಲ್ಲಿ ಸ್ಕೂಟಿಯ ಕುಲುಕಾಟಕ್ಕೋ ಏನೋ, ಮೊದಲ ಗುಂಡುಗಳು ಎಡಕ್ಕೆ ಹೋದವು. ಸೈಟು ಮತ್ತೆ ಕೂದಲೆಳೆಯಷ್ಟು ಸಡಿಲವಾಗಿತ್ತು. ಅಧಿಕಾರಿಗಳ ಅಪ್ಪಣೆ ಪಡೆದು ಕಿಸೆಯಿಂದ ನನ್ನ ಡ್ರೈವರ್ ತೆಗೆದೆ, ಅರ್ಧ ಸುತ್ತು ತಿರುವಿದೆ. ಮುಂದಿನ ಗುಂಡು ನಡುಮಧ್ಯಕ್ಕೆ! ಮೂರನೇ ಸ್ಥಾನ ಬಂತು. ಕಂಚಿನ ಪದಕ ಕೊರಳಲ್ಲೇ ಹಾಕಿಕೊಂಡು ಬೆಂಗೇರಿಗೆ ಹೋದೆ. ಚಾಚಿ ಸಕ್ಕರೆ ಬಾಯಿಗೆ ಹಾಕಿದರು. ಕಾಕಾ ಪದಕದ ಕಡೆ ನೋಡಲೇ ಇಲ್ಲ. ರೈಫಲ್ ಇಸಕೊಂಡು ಭೂತಗನ್ನಡಿ ಹಿಡಿದು ಸ್ಕ್ರೂ ನೋಡಿದರು. ಒಂದೂ ಗೀರು ಬಿದ್ದಿಲ್ಲ, ಛಲೋ ಐತಿ ಎಂದರು. ಪದಕ ಸಿಕ್ಕಾಗ ಬಾರದ ಕಣ್ಣೀರು ಆಗ ಬಂತು.

ಆಮೇಲಿನ ನಾಲ್ಕು ವರ್ಷ ನನ್ನ ರವಿವಾರಗಳೆಲ್ಲ ಆ ಪಡಸಾಲೆಯಲ್ಲೇ ಕಳೆದವು. ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಒಂದೂವರೆ ತಿಂಗಳ ಮೇಲೆ ಚಾಚಿ ಫೋನ್ ಮಾಡಿ, ಎಲ್ಲರ ಡ್ರೈವರುಗಳನ್ನೂ ಅವರವರಿಗೆ ಮುಟ್ಟಿಸುತ್ತಿದ್ದೇನೆ, ನೀವೂ ನಿಮ್ಮದನ್ನು ಒಯ್ಯಿರಿ ಎಂದರು. ನನ್ನದು ನನ್ನ ಹತ್ತಿರವೇ ಇದೆಯಲ್ಲ ಎಂದುಕೊಂಡೇ ಹೋದೆ.

ಗೋಡೆ ಹೆಚ್ಚುಕಡಿಮೆ ಖಾಲಿಯಾಗಿತ್ತು. ಚಾಚಿ ಒಳಗಿನ ಪೆಟ್ಟಿಗೆಯಿಂದ ತೆಗೆದು ಕೊಟ್ಟ ಡ್ರೈವರಿಗೆ ಲಟ್ಟಣಿಗೆಯ ಹಿಡಿಕೆ. ಚೀಟಿಯ ಮೇಲೆ ಕಾಕಾನ ದುಂಡನೆಯ ಅಕ್ಷರ: "ಟೀಚರ್. ಹಿಂದಿನ ಸೈಟ್. ಗುರುವಾರ." ತುದಿಯ ಬದನೆಕಾಯಿ ಬಣ್ಣ ಸ್ವಲ್ಪವೂ ಸವೆದಿರಲಿಲ್ಲ. ಒಮ್ಮೆಯೂ ಬಳಸಿರಲಿಲ್ಲ ಅದನ್ನು.

ನಾನು ಮೊದಲ ಸಲ ಬಂದ ಗುರುವಾರವೇ, ನಾನು ಅತ್ತ ಹೋದ ಕೂಡಲೇ ಕೂತು ಅದನ್ನು ಮಾಡಿಟ್ಟಿದ್ದರಂತೆ. ಮಾಡಿಟ್ಟುಕೊಂಡೂ ಆ ಹೆಣ್ಣುಮಗಳನ್ನು ಯಾಕೆ ಗೋಳು ಹೊಯ್ದುಕೊಳ್ಳುತ್ತೀರಿ ಎಂದು ಚಾಚಿ ಜಗಳ ತೆಗೆದಿದ್ದರಂತೆ.

"ಅದಕ್ಕ ಏನಂದ್ರು ಗೊತ್ತೇನ್ರಿ? ಅಕಿ ಕೈ ಮ್ಯಾಲೆ ನನಗ ಭರೋಸಾ ಐತಿ, ರವಿವಾರದ ಮ್ಯಾಲೆ ಇಲ್ಲ, ಅದು ಕಾಯೂದಿಲ್ಲ, ಅಂದ್ರು."

ಮನೆಗೆ ಬಂದು ರೈಫಲನ್ನು ಮೇಜಿನ ಮೇಲೆ ಮಲಗಿಸಿದೆ. ಕಾಕಾನ ಡ್ರೈವರನ್ನು ಸ್ಕ್ರೂವಿನ ಬಾಯಿಯಲ್ಲಿ ಇಟ್ಟು ಕೈ ಬಿಟ್ಟೆ. ನಿಂತಿತು. ನಾನು ಅದನ್ನು ತಿರುವಲಿಲ್ಲ.