ಭಾನು ಕೇಳಿಸಿಕೊಂಡದ್ದು

ಭಾನು ಅವರನ್ನು ನಾನು ಮೊದಲು ನೋಡಿದ್ದು ಮಾಳವಿಕಾ ಆಂಟಿಯ ಮನೆಯ ನೆಲದ ಮೇಲೆ. ಸೋಫಾ ಖಾಲಿಯಿತ್ತು. ಆದರೂ ಅವರು ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆಂಟಿಯ ಮೂರು ವರ್ಷದ ಮೊಮ್ಮಗಳು ತನಿಷಾ ತನ್ನ ಗೊಂಬೆಗೆ ಕಾಲ್ಚೀಲ ಹಾಕಲು ಒದ್ದಾಡುವುದನ್ನು ನೋಡುತ್ತಿದ್ದರು. ಸಹಾಯ ಮಾಡಲಿಲ್ಲ, ಮಾತನಾಡಿಸಲೂ ಇಲ್ಲ. ಎಂಥ ಹೆಂಗಸಪ್ಪಾ, ಮಗುವನ್ನು ಕಂಡರೆ ಒಂದು 'ಹಾಯ್' ಕೂಡ ಇಲ್ಲವಲ್ಲ ಅಂದುಕೊಂಡೆ.

ಅವರ ಊರು ಬಾಗಲಕೋಟೆ. ವಯಸ್ಸು ಮೂವತ್ತೇಳು. ಗಂಡ ವಿಜಯ್ ಕುಮಾರ್ ಅಮೆರಿಕದ ಶಾಮ್‌ಬರ್ಗ್‌ನಲ್ಲಿ ಕನ್ಸಲ್ಟೆಂಟ್. ವೀಸಾ ಕಾರಣಕ್ಕೆ ಕೆಲಸ ಮಾಡುವ ಹಾಗಿಲ್ಲದೆ ಭಾನು ವರ್ಷಗಟ್ಟಲೆ ಮನೆಯಲ್ಲೇ ಇದ್ದರು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಗಂಡನನ್ನು ಅಲ್ಲೇ ಬಿಟ್ಟು, ಬೇರೆ ರಾಜ್ಯದ ಆನ್ ಆರ್ಬರ್‌ನಲ್ಲಿ ಪಿಎಚ್‌ಡಿಗೆ ಸೇರಿದರು. ಮನೆಯಲ್ಲಿ ಕನ್ನಡ, ಡೇಕೇರ್‌ನಲ್ಲಿ ಇಂಗ್ಲಿಷ್ ಕೇಳುವ ಪುಟ್ಟ ಮಕ್ಕಳು ಮಾತು ಹೇಗೆ ಕಲಿಯುತ್ತಾರೆ ಎನ್ನುವುದು ಅವರ ವಿಷಯ. ಇಂಥ ಮಕ್ಕಳನ್ನು ಬರೀ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ 'ಮಾತು ತಡ' ಎಂದು ಬರೆದುಬಿಡುತ್ತಾರೆ. ಅದು ಸರಿಯೇ ಎಂದು ಕೇಳುವುದು ಅವರ ಉದ್ದೇಶ. ಅವರ ಪ್ರೊಫೆಸರ್ ಬಳಿಯಿದ್ದ ಹಣ ಬೇಸಿಗೆಗೆ ಮುಗಿಯುವುದಿತ್ತು. ಫೆಡರಲ್ ಸರ್ಕಾರದ ಸಂಶೋಧನಾ ವಿದ್ಯಾರ್ಥಿವೇತನ ಸಿಕ್ಕರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಅರ್ಜಿಯ ಜೊತೆಗೆ, ತಮ್ಮ ವಿಧಾನ ನಡೆಯುತ್ತದೆ ಎಂದು ತೋರಿಸಲು ಒಂದಿಷ್ಟು ರೆಕಾರ್ಡಿಂಗ್ ಬೇಕಿತ್ತು.

ಅದಕ್ಕೇ ಅವರು ಅಲ್ಲಿಂದ ಐವತ್ತು ಮೈಲಿ ಡ್ರೈವ್ ಮಾಡಿಕೊಂಡು ನಮ್ಮ ಊರು ರಾಚೆಸ್ಟರ್ ಹಿಲ್ಸ್‌ಗೆ ಬಂದಿದ್ದರು. ಭಾನುವಾರದ ಕನ್ನಡ ಕ್ಲಾಸು ನಡೆಸುವ ಮಾಳವಿಕಾ ಆಂಟಿ ನನ್ನಂಥ ಪುಟ್ಟ ಮಕ್ಕಳ ತಾಯಂದಿರನ್ನೆಲ್ಲ ಸೇರಿಸಿದ್ದರು. ಭಾನು ಒಪ್ಪಿಗೆ ಪತ್ರಕ್ಕೆ ಸೈನ್ ಮಾಡಿಸಿಕೊಂಡು, ಬೆಂಕಿಪೊಟ್ಟಣದಷ್ಟಿದ್ದ ರೆಕಾರ್ಡರುಗಳನ್ನು ಹಂಚಿದರು.

"ಇದನ್ನ ಕೂಸಿನ ಅಂಗಿ ಕಿಸೆದಾಗ ಇಟ್ಟು ಒಂದು ತಾಸು ಬಿಟ್ಟುಬಿಡ್ರಿ. ಏನೂ ಕಲಿಸಬ್ಯಾಡ್ರಿ, ಏನೂ ಕೇಳಬ್ಯಾಡ್ರಿ. ಇದ್ದಂಗ ಇರ್ಲಿ."

ಎಲ್ಲರೂ ತಲೆಯಾಡಿಸಿದೆವು.

ಎರಡು ವಾರ ಕಳೆದು ರೆಕಾರ್ಡರುಗಳೆಲ್ಲ ವಾಪಸು ಬಂದವು, ನನ್ನದೊಂದನ್ನು ಬಿಟ್ಟು. ಆಂಟಿಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಭಾನು ಮೆಲ್ಲಗೆ ವಿಷಯ ಎತ್ತಿದರು.

"ಆಂಟಿ, ತನಿಷಾ ಇದರಾಗ ಒಂಬತ್ತು ಗ್ರಹದ ಹೆಸರು ಹೇಳ್ಯಾಳ್ರಿ."

"ಎಂಟು. ಪ್ಲೂಟೋ ತೆಗೆಸಿದೀನಿ," ಅಂದರು ಆಂಟಿ ಹೆಮ್ಮೆಯಿಂದ.

"ಆಮ್ಯಾಲೆ ಹಿಂದಿಂದ ಯಾರೋ 'ಆನೆ ಅನ್ನು ಪುಟ್ಟಾ, ಆನೆ' ಅಂತ ಪಿಸುಗುಡ್ತಾರ್ರಿ."

"ಫ್ರಿಜ್ ಸದ್ದಿರಬೇಕು."

"ಫ್ರಿಜ್ಜಿಗೆ ಮೈಸೂರು ಕನ್ನಡ ಬರ್ತೈತೇನ್ರಿ ಆಂಟಿ?"

ಆಂಟಿಗೂ ನಗು ತಡೆಯಲಾಗಲಿಲ್ಲ. "ನೋಡಮ್ಮಾ, ಗವರ್ನಮೆಂಟಿಗೆ ಹೋಗೋ ಟೇಪು. ನಮ್ಮ ಮಕ್ಕಳು ದಡ್ಡರು ಅಂತ ವಾಷಿಂಗ್ಟನ್ನಲ್ಲಿ ತಿಳ್ಕೊಂಡ್ರೆ ನಾಳೆ ಯಾರು ಉತ್ತರ ಕೊಡ್ತಾರೆ?"

ಉಳಿದ ಟೇಪುಗಳೂ ಹಾಗೇ. ಒಂದರಲ್ಲಿ ಶ್ಲೋಕ, ಒಂದರಲ್ಲಿ ಇಪ್ಪತ್ತರವರೆಗೆ ಮಗ್ಗಿ, ಇನ್ನೊಂದರಲ್ಲಿ ಅಮೆರಿಕದ ರಾಜ್ಯಗಳ ರಾಜಧಾನಿಗಳು. ಯಾವುದೂ ಕೆಲಸಕ್ಕೆ ಬರುವಂತಿರಲಿಲ್ಲ. ಭಾನು ಲೋಟ ತೊಳೆದಿಟ್ಟು ನನ್ನ ಕಡೆ ತಿರುಗಿದರು.

"ನಿಮ್ಮ ಕೂಸಿಂದು ಬರ್ಲಿಲ್ರಿ."

ಜ್ವರ ಎನ್ನಲು ಬಾಯಿ ತೆರೆದೆ. ಆದರೆ ನಿಜವೇ ಹೊರಗೆ ಬಂತು. "ಮಾನ್ಯಾಗೆ ಎರಡೂವರೆ ಆಯ್ತು. ಅವಳು ಮಾತೇ ಆಡಲ್ಲ. ಕಿವಿ ಟೆಸ್ಟ್ ಮಾಡಿಸಿದ್ವಿ, ಸರಿಯಾಗಿದೆ ಅಂದ್ರು. ಮನೇಲಿ ಬರೀ ಇಂಗ್ಲಿಷ್ ಮಾತಾಡಿ ಅಂತ ಡೇಕೇರ್‌ನಲ್ಲಿ ಹೇಳಿದ್ರು, ಅದನ್ನೂ ಮಾಡ್ತಿದೀನಿ. ಅವಳ ಟೇಪಲ್ಲಿ ನಿಮಗೆ ಏನೂ ಸಿಗಲ್ಲ."

"ಹಂಗಾದ್ರ ಅಕಿಗೆ ಯಾರೂ ಏನೂ ಬಾಯಿಪಾಠ ಮಾಡಿಸಿಲ್ಲ ಅಂದಂಗಾತು," ಅಂದರು ಭಾನು. "ಶನಿವಾರ ಬರ್ಲೇನ್ರಿ?"

ವಾರವಿಡೀ ನನಗೆ ನೆಮ್ಮದಿಯಿಲ್ಲ. ಸರ್ಕಾರದ ಕಡತದಲ್ಲಿ ಮಗಳ ಮೌನ ಸೇರಿಬಿಟ್ಟರೆ, ನಾಳೆ ಶಾಲೆಗೆ ಸೇರಿಸುವಾಗ ಯಾರಾದರೂ ತೆಗೆದು ನೋಡಿದರೆ? ಗಂಡ ಮಾಧವ ಸಮಾಧಾನ ಹೇಳಿದ. "ಹೆಸರಿರಲ್ಲ ಕಣೆ, ನಂಬರ್ ಅಷ್ಟೇ ಇರುತ್ತೆ."

"ಆ ನಂಬರ್ ಯಾರದು ಅಂತ ಗೊತ್ತಾದ್ರೆ?"

"ಗೊತ್ತಾದ್ರೆ ಅವಳು ತುಂಬಾ ಗಂಭೀರವಾದ ಹುಡುಗಿ ಅಂದ್ಕೋತಾರೆ ಬಿಡು."

ಶನಿವಾರ ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಭಾನು ಬೂಟು ಬಿಚ್ಚಿ ನೇರ ಅಡುಗೆಮನೆಯ ನೆಲದ ಮೇಲೆ ಕೂತರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಅಂಗಿಯ ಕಿಸೆಯಲ್ಲಿ ರೆಕಾರ್ಡರ್ ಇಟ್ಟುಕೊಂಡೇ ಮಾನ್ಯಾ ಕೆಳಗಿನ ಕಪಾಟು ತೆಗೆದು ಪಾತ್ರೆಗಳನ್ನು ಎಳೆಯತೊಡಗಿದಳು. ಅವಳು ಒಂದು ಸ್ಟೀಲ್ ಬಟ್ಟಲು ತಂದು ಭಾನು ಅವರ ಮುಂದಿಟ್ಟಳು. ಅವರು ಅದನ್ನು ಎತ್ತಿ ಕುಡಿದಂತೆ ಮಾಡಲು ಹೋದರು. ಮಾನ್ಯಾ ಅವರ ಕೈ ತಡೆದು, ಬಟ್ಟಲಿಗೆ ಊದಿ, ಮತ್ತೆ ಕೊಟ್ಟಳು. ಕುಡಿದರು. ಅವಳು ಅವರ ಮುಖವನ್ನೇ ನೋಡಿದಳು. ಅವರು ತುಟಿ ಸೊಟ್ಟ ಮಾಡಿದರು. ಮಾನ್ಯಾ ಎದ್ದು ಹೋಗಿ ಸಕ್ಕರೆ ಡಬ್ಬಿಯನ್ನೇ ಹೊತ್ತು ತಂದಳು. ಗಂಟೆ ಹೀಗೇ ಕಳೆಯಿತು. 'ಆಂಟಿಗೆ ಹೇಳು' ಎನ್ನುವ ಮಾತು ಹತ್ತಾರು ಸಲ ನನ್ನ ನಾಲಿಗೆಯ ತುದಿಗೆ ಬಂತು.

ಮಗಳು ಮಲಗಿದ ಮೇಲೆ ಭಾನು ರೆಕಾರ್ಡಿಂಗ್ ಹಾಕಿದರು. ನನಗೆ ಪಾತ್ರೆಯ ಸದ್ದು, ಹೀಟರಿನ ಸದ್ದು, ನಡುವೆ ಉದ್ದುದ್ದ ಮೌನ ಕೇಳಿಸಿತು. ಇಷ್ಟೇ, ಏನೂ ಇಲ್ಲ ಎಂದು ಕಣ್ಣು ತುಂಬಿ ಬಂತು. ಭಾನು ಕಣ್ಣು ಮುಚ್ಚಿ ಕೂತಿದ್ದರು.

"ಇಲ್ಲಿ ಊದ್ಯಾಳ್ರಿ, ಸುಡ್ತೈತಿ ಅಂತ ನನಗ ಹೇಳ್ಯಾಳ. ಈಗ ನೋಡ್ರಿ, ಸುಮ್ನಿದ್ದಾಳ. ನನ್ನ ಪಾಳಿ ಬರೂತನಾ ಕಾಯ್ತಾಳ. ಕಾಯೂದು ದೊಡ್ಡ ಮಾತ್ರೀ, ದೊಡ್ಡವರಿಗೇ ಬರೂದಿಲ್ಲ. ಇಲ್ಲಿ 'ಉಂ' ಅಂದ್ಳು, ಕೇಳಿಸ್ತಾ? ದನಿ ಏರಿತು. ಅದು ಪ್ರಶ್ನಿ. ಸಕ್ರಿ ತಂದ ಮ್ಯಾಲಿನ 'ಉಂ' ಇಳೀತು. ತಗೋ ಅಂತ."

ಮತ್ತೆ ಹಿಂದೆ ಹೋಗಿ ಹಾಕಿದರು. ಏರಿತು. ಇಳಿಯಿತು. ನನ್ನ ಮನೆಯಲ್ಲಿ, ನನ್ನ ಎದುರಿಗೇ ಇಷ್ಟೆಲ್ಲ ನಡೆದಿತ್ತು. ಒಂದು ಪದವಿಲ್ಲದ ಆ ಗಂಟೆಯಲ್ಲಿ ಮಗಳು ಕೇಳಿದ್ದಳು, ತಡೆದಿದ್ದಳು, ಕಾದಿದ್ದಳು, ಅತಿಥಿಯನ್ನು ಉಪಚರಿಸಿದ್ದಳು. ಈ ಹೆಂಗಸು ಅದಷ್ಟನ್ನೂ ನೆಲದ ಮೇಲೆ ಬಿದ್ದ ಸಾಸಿವೆಯನ್ನು ಆರಿಸುವ ಹಾಗೆ ಒಂದೊಂದಾಗಿ ಆರಿಸಿಟ್ಟರು.

"ಮಾತು ಬರುತ್ತಾ ಹಾಗಾದ್ರೆ?"

"ಅದನ್ನ ನಾ ಹೇಳಾಕ ಬರೂದಿಲ್ರಿ. ಸ್ಪೀಚ್ ಥೆರಪಿಸ್ಟ್ ಕಡೆ ಹೋಗ್ರಿ, ಕನ್ನಡ ಕೇಳಿ ಬೆಳದಾಳ ಅಂತ ಅವರಿಗೆ ಹೇಳ್ರಿ. ಆದ್ರ ನೀವು ಆಕಿ ಜೊತಿ ಇಂಗ್ಲಿಷ್ ಮಾತಾಡೂದು ಆಫೀಸ್ ಮೀಟಿಂಗ್ ಇದ್ದಂಗ ಐತ್ರಿ," ಅಂದು ನಕ್ಕರು.

ಅರ್ಜಿ ಏಪ್ರಿಲ್‌ನಲ್ಲಿ ಹೋಯಿತು. ಬೇಸಿಗೆಯ ಕೊನೆಗೆ ಉತ್ತರ ಬಂತು: ಆಲೋಚನೆ ಚೆನ್ನಾಗಿದೆ, ಆದರೆ ಒಂದೇ ಮಗುವಿನ ಆಧಾರ ಸಾಲದು. ನಾನಾಗಿದ್ದರೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಭಾನು ಫೋನ್ ಮಾಡಿ, "ಅವರು ಅಂದದ್ದು ಖರೇ ಐತ್ರಿ," ಅಂದರು. ಹೊಟ್ಟೆಪಾಡಿಗೆ ಎರಡು ತರಗತಿಗೆ ಪಾಠ ಹೇಳಲು ಒಪ್ಪಿಕೊಂಡು, ಶನಿವಾರ ಮತ್ತೆ ನಮ್ಮ ಊರಿಗೆ ಬಂದರು.

ಈ ಸಲ ತಾಯಂದಿರನ್ನು ಹಿಡಿದಿಡುವ ಕೆಲಸ ನನ್ನದು. ನಮ್ಮ ಮನೆಯಲ್ಲೇ, ಮೇಲೆ ಭಾನು ಮಕ್ಕಳ ನಡುವೆ ನೆಲದ ಮೇಲೆ, ಕೆಳಗೆ ಬೇಸ್‌ಮೆಂಟಿನಲ್ಲಿ ನಾವೆಲ್ಲ ಅವಲಕ್ಕಿ ತಿನ್ನುತ್ತಾ.

"ಒಂದೇ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ ಕಣೆ, ಮಾತಾಡಲ್ಲ," ಎಂದು ಮಾಳವಿಕಾ ಆಂಟಿ ಮೆಟ್ಟಿಲ ಕಡೆ ಹೊರಟರು.

"ನೀವು ನೋಡಿದ್ರೇ ತನಿಷಾ ಗ್ರಹ ಹೇಳೋಕೆ ಶುರು ಮಾಡ್ತಾಳೆ ಆಂಟಿ. ಕೂತ್ಕೊಳ್ಳಿ."

ಡಿಸೆಂಬರಿನಲ್ಲಿ ಅರ್ಜಿ ಎರಡನೇ ಸಲ ಹೋಯಿತು. ಆ ಚಳಿಗಾಲ ಥೆರಪಿಯ ಜೊತೆಜೊತೆಗೇ ಮಾನ್ಯಾಗೆ ಮಾತು ಬರಲು ಶುರುವಾಯಿತು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಒಂದಿಷ್ಟು ಅವಳದೇ. ಅದು ತಮ್ಮಿಂದ ಅಂತ ಭಾನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ವಿದ್ಯಾರ್ಥಿವೇತನ ಮಂಜೂರಾಯಿತು, ಮೂರು ವರ್ಷಕ್ಕೆ. ಅವರು ಬರುತ್ತಾರೆಂದು ನಾನು ಮೈಸೂರು ಪಾಕ್ ಮಾಡಿ ಕಾದೆ. ಭಾನು ಬಂದವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಚೀಲದಿಂದ ಹೊಸ ಒಪ್ಪಿಗೆ ಪತ್ರಗಳ ಕಟ್ಟು ತೆಗೆದರು.

"ಇದೇನು, ಎಲ್ಲ ರೆಕಾರ್ಡ್ ಆಗಿದೆಯಲ್ಲ?"

"ಅದು ಅರ್ಜಿ ಸಲುವಾಗಿ ಮಾಡಿದ್ದು. ಇದರ ಜೊತಿ ಕಲಸಾಕ ಬರೂದಿಲ್ರಿ. ಹೊಸ ಮಕ್ಕಳು ಬೇಕು, ಮೊದಲಿಂದ."

"ಎಷ್ಟು ಮಕ್ಕಳು?"

"ನಲವತ್ತು. ಶಾಮ್‌ಬರ್ಗ್ ಕಡಿ ಅರ್ಧ, ಇಲ್ಲಿ ಅರ್ಧ." ಅವರು ಕೈ ಒರೆಸಿಕೊಂಡು ಎದ್ದರು. "ನಿಮ್ಮ ಓಣ್ಯಾಗ ಯಾರೋ ಹಡದಾರಂತಲ್ರಿ? ಆ ಕೂಸಿಗೆ ಗ್ರಹ ಕಲಿಸೂಕಿಂತ ಮೊದಲ ಹೋಗೂಣು, ನಡೀರಿ."

ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅವರು ಅರ್ಧ ರಸ್ತೆ ದಾಟಿದ್ದರು.