ಪಂಚಮಿಗೆ ಕರೆಯಲು ಬಂದ ಅಣ್ಣ

ನಮ್ಮಪ್ಪ ಕಮಲಾಪುರದಲ್ಲಿ ತೊಗರಿ ಖರೀದಿ ಮಾಡಿಕೊಂಡಿದ್ದವನು. ಎಂಬತ್ತರ ದಶಕದಲ್ಲಿ ಧೈರ್ಯ ಮಾಡಿ ಕಲಬುರಗಿಯಲ್ಲಿ ಬೇಳೆ ಮಿಲ್ ಹಾಕಿದ. ಜಾಗವನ್ನು ಅವ್ವನ ಹೆಸರಿಗೆ ಬರೆಸಿದ. ಯಾಕೆ ಹಾಗೆ ಮಾಡಿದನೋ ಗೊತ್ತಿಲ್ಲ. ಪ್ರೀತಿಗಂತೂ ಇರಲಿಕ್ಕಿಲ್ಲ, ಅಂಥ ಸ್ವಭಾವದವನಲ್ಲ. ಮಿಲ್ ಚೆನ್ನಾಗಿ ನಡೆಯಿತು. ಐವಾನ್-ಎ-ಶಾಹಿ ಬಡಾವಣೆ ಕಡೆ ಮನೆಯಾಯಿತು. ನನ್ನನ್ನು ಅದೇ ಊರಿನ ಸೇಡಂ ರಸ್ತೆಯ ಮಾಸ್ತರರೊಬ್ಬರ ಮನೆಗೆ ಕೊಟ್ಟರು.

ನಾವು ಮೂವರು ಮಕ್ಕಳು: ಅಣ್ಣ, ನಾನು, ತಮ್ಮ. ಅಪ್ಪ ಹೋದ ಮೇಲೆ ಮಿಲ್‌ನ ಗಾದಿಯ ಮೇಲೆ ಅಣ್ಣ ಕೂತ. ನಾಲ್ಕು ಜನ ಎದ್ದು ನಿಂತು ನಮಸ್ಕಾರ ಹೇಳಿದರೆ ಅವನಿಗೆ ಊಟವೂ ಬೇಡ. ತಮ್ಮ ಮೆಷಿನ್ ಹತ್ತಿರ ಇರುತ್ತಿದ್ದ. ಎರಡು ಕಾಳು ಕಚ್ಚಿ ನೋಡಿ, ತೊಗರಿಗೆ ಎಷ್ಟು ಎಣ್ಣೆ ಹಚ್ಚಬೇಕು, ಇನ್ನೆಷ್ಟು ಬಿಸಿಲು ಬೇಕು ಎಂದು ಹೇಳಿಬಿಡುತ್ತಿದ್ದ. ವ್ಯಾಪಾರಕ್ಕೆ ಬಂದವರು ಅಣ್ಣನಿಗೆ ಕೈಮುಗಿದು, ಮಾತಾಡಲು ಒಳಗೆ ತಮ್ಮನ ಹತ್ತಿರ ಹೋಗುತ್ತಿದ್ದರು. ಅಣ್ಣನಿಗೆ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ.

ಅವ್ವ ತೀರಿದ ಮೇಲೆ ಮಿಲ್‌ನ ಜಾಗ ಮೂವರದಾಯಿತು. ಅವಳ ಕಾರ್ಯ ಮುಗಿದ ವಾರದಲ್ಲೇ ತಮ್ಮ ನಮ್ಮ ಮನೆಗೆ ಬಂದ.

"ಅಕ್ಕಾ, ಅಣ್ಣ ನನ್ನ ಹೊರಗ ಹಾಕಾಕ ನೋಡಾಕತ್ತಾನ. ನಿಂದೊಂದು ಪಾಲು, ನಂದೊಂದು ಪಾಲು ಇರೋ ತನಕ ಅವಗ ಏನೂ ಮಾಡಾಕ ಆಗಂಗಿಲ್ಲ. ನೀ ಯಾವುದಕ್ಕೂ ಸಹಿ ಹಾಕಬ್ಯಾಡ."

"ಹುಚ್ಚ ಇದ್ದೀಯೇನು? ನಾ ಯಾಕ ಹಾಕ್ಲಿ?" ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಒಳಗಿದ್ದ ನನ್ನ ಗಂಡ ಹೊರಗೆ ಬಂದು ನೋಡಿದ.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನವರು ಕರೆಯಲು ಬರಬೇಕು. ಕರೆಯದೆ ಹೋಗುವಂತಿಲ್ಲ, ಕರೆಯಲು ಬಂದವರಿಗೆ ಇಲ್ಲ ಎನ್ನುವಂತಿಲ್ಲ. ನಮ್ಮ ಮನೆಯಿಂದ ತವರಿಗೆ ಆಟೋದಲ್ಲಿ ಹತ್ತು ನಿಮಿಷ. ಆದರೂ ಪ್ರತಿವರ್ಷ ತಮ್ಮ ಸ್ಕೂಟರ್ ತಂದು ಕರೆದೊಯ್ಯುತ್ತಿದ್ದ. ಅಣ್ಣ ಒಮ್ಮೆಯೂ ಬಂದವನಲ್ಲ. ಕೆಲಸವಿದ್ದಾಗಲೂ ಬಾಗಿಲ ಮುಂದೆ ಕಾರಿನಲ್ಲೇ ಕೂತು ಹಾರ್ನ್ ಹೊಡೆಯುತ್ತಿದ್ದ.

ಅವ್ವ ಹೋದ ಮರುವರ್ಷ, ಹಬ್ಬಕ್ಕೆ ಇನ್ನೂ ಎರಡು ದಿನ ಇರುವಾಗಲೇ ಅಣ್ಣ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತ. ರೊಟ್ಟಿ, ಪುಂಡಿಪಲ್ಯ ಕೇಳಿ ಹಾಕಿಸಿಕೊಂಡು ಉಂಡ. "ಅವ್ವನ ಕೈರುಚಿ ಬಂದದ ನೋಡು ನಿನಗ" ಅಂದ. ನಾನು ಕರಗಿಹೋದೆ. ಓಣಿಯ ಹೆಂಗಸರೆಲ್ಲ ಹೊರಗೆ ನಿಂತ ಕಾರು ನೋಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅದೂ ಹಿತವಾಗಿತ್ತು.

ಹಬ್ಬಕ್ಕೆಂದು ನಾನು ಹತ್ತಿ ಕೂತ ಕಾರು ತವರಿನ ಕಡೆ ತಿರುಗದೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಿಂತಿತು. ಅಣ್ಣ ಕಾಗದದ ಜೊತೆ ಪೆನ್ನು ಕೊಟ್ಟ. "ಒಂದು ಸಹಿ ಹಾಕು. ಹಬ್ಬಕ್ಕ ಕರಕೊಂಡು ಹೊಂಟೀನಿ, ನಡುದಾರ್ಯಾಗ ಇಲ್ಲ ಅನಬ್ಯಾಡ."

ಓದದೆ ಹಾಕಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಓದಿದ್ದೆ. ನನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಸ್ಪಷ್ಟವಾಗಿ ಬರೆದಿತ್ತು. ಇಲ್ಲ ಎಂದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ ಒಂದು ಕಡೆ, ಪಾಲು ಹಿಡಿದು ಕೂತ ಮಗಳು ಅನ್ನಿಸಿಕೊಳ್ಳುವ ನಾಚಿಕೆ ಇನ್ನೊಂದು ಕಡೆ. ಸಹಿ ಹಾಕಿದೆ. ಹಬ್ಬದ ದಿನ ತಮ್ಮನೇ ಹಗ್ಗ ಕಟ್ಟಿ ನನಗೆ ಜೋಕಾಲಿ ತೂಗಿದ. ಆಗಲಾದರೂ ಹೇಳಬೇಕಿತ್ತು, ಬಾಯಿ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಅಣ್ಣ ಹಿರಿಯರನ್ನು ಕೂಡಿಸಿ ಪತ್ರ ತೋರಿಸಿದ. ಎರಡು ಪಾಲು ಅವನ ಕೈಯಲ್ಲಿದ್ದ ಮೇಲೆ ಮಾತಿಗೆ ಜಾಗ ಎಲ್ಲಿ? ಮಿಲ್ ಅವನದಾಯಿತು. ತಮ್ಮನಿಗೆ ಅವನ ಪಾಲಿನ ಬದಲು ಕಮಲಾಪುರದ ಹಳೆ ಮನೆ, ಒಂದು ಗೋದಾಮು. ಹದಿನೈದು ದಿನದಲ್ಲಿ ಅವನು ಹೆಂಡತಿ ಮಕ್ಕಳೊಂದಿಗೆ ಬಸ್ಸು ಹತ್ತಿದ. ಅವನಿಲ್ಲದೆ ಮಿಲ್‌ನ ಬೇಳೆ ನುಚ್ಚಾಗತೊಡಗಿತು, ಹಳೆ ಗಿರಾಕಿಗಳು ಬೇರೆ ಕಡೆ ಹೋದರು. ಅಣ್ಣ ಮಾತ್ರ ಗಾದಿ ಬಿಟ್ಟು ಏಳಲಿಲ್ಲ.

ಕೆಲವು ತಿಂಗಳು ತಡೆದುಕೊಂಡು, ಒಂದು ದಿನ ಕಮಲಾಪುರಕ್ಕೆ ಹೋದೆ. ತಮ್ಮ ಅಂಗಳದಲ್ಲಿ ಕೆಂಪು ಬಾಳೆಗೊನೆಗಳಿಗೆ ಒಣ ಎಲೆ ಸುತ್ತುತ್ತಿದ್ದ. ಊರೂರಿಗೆ ಬಾಳೆ ಕಳಿಸುವ ವ್ಯಾಪಾರ ಹಿಡಿದಿದ್ದ. ಕೈ ತೊಳೆದು ಬಂದು ಎದುರಿಗೆ ಕೂತ.

"ತಪ್ಪಾತೋ ತಮ್ಮಾ, ಬೈಯಿ ನನಗ" ಎಂದು ಅತ್ತೆ.

"ಬೈಯಂಗಿಲ್ಲ. ಒಂದು ಕೇಳ್ತೀನಿ, ಖರೇ ಹೇಳು. ಸಹಿ ಹಾಕುವಾಗ ನಿನಗ ನನ್ನ ನೆನಪು ಬಂದಿತ್ತೇನು?"

ಇಲ್ಲ ಎನ್ನಬಹುದಿತ್ತು. ಅವನು ಆ ಮಾತಿಗೇ ಕಾಯುತ್ತಿದ್ದಾನೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಊರಿಗೆಲ್ಲ ಸುಳ್ಳು ಹೇಳಿ ನನಗೆ ಸಾಕಾಗಿತ್ತು.

"ಬಂದಿತ್ತು" ಎಂದೆ.

ಅವನು ಎದ್ದು, "ಅಕ್ಕಗ ಊಟಕ್ಕ ಹಾಕು" ಎಂದು ಹೆಂಡತಿಗೆ ಹೇಳಿ ಹೊರಗೆ ಹೋದ. ನಾನು ಉಂಡು, ಕಾದು, ಕೊನೆಯ ಬಸ್ಸು ಹತ್ತುವವರೆಗೂ ತಿರುಗಿ ಬರಲಿಲ್ಲ.