ಕೆಂಪು ಕಾರಿನ ಉಸಿರು ಕಟ್ಟಿದ ಬಸವಣ್ಣೆಮ್ಮ

ವಿನೋಬನಗರದಲ್ಲಿ ಬಸವಣ್ಣೆಮ್ಮನ ಹಿಟ್ಟಿನ ಗಿರಣಿ ಎಲ್ಲರಿಗೂ ಗೊತ್ತು. ಗಿರಣಿಗಿಂತ ಅವಳ ಬಾಯಿ ಹೆಚ್ಚು ಗೊತ್ತು. ಜೋಳ ಹಸಿ ಇದ್ದರೆ ಮುಖಕ್ಕೇ ಹೇಳುತ್ತಾಳೆ, "ಒಣಗಿಸ್ಕೊಂಡು ಬಾ. ಇದು ಹಿಟ್ಟಾಗಲ್ಲ, ಅಂಟಾಗ್ತೈತೆ." ಸರತಿ ಮುರಿದವರ ಡಬ್ಬಿಯನ್ನು ಕಾಲಿನಿಂದಲೇ ಹಿಂದಕ್ಕೆ ಸರಿಸುತ್ತಾಳೆ. ಶಾಲೆ ಕಂಡಿದ್ದು ಸ್ವಲ್ಪ. ಮದುವೆಯಾಗಿ ಬಂದ ಮೇಲೆ ಕಂಡಿದ್ದೆಲ್ಲ ಗಿರಣಿ. ಗಂಡ ರುದ್ರಮುನಿ ಹೆಸರಿಗೆ ಅದರ ಮಾಲೀಕ. ಅವನ ಜೀವ ಇದ್ದದ್ದು ಕೆಂಪು ಕಾರಿನಲ್ಲಿ.

ಕಾರು ಹಳೆಯದು. ರುದ್ರಮುನಿ ಅದರ ಎಂಜಿನ್ನಿಗೆ ಜಾಸ್ತಿ ಗಾಳಿ ಊದುವ ಟರ್ಬೊ ಹಾಕಿಸಿದ್ದ. ಸ್ಟಿಯರಿಂಗ್ ಪಕ್ಕ ಆ ಗಾಳಿಯ ಒತ್ತಡ ತೋರಿಸುವ ಒಂದು ದುಂಡನೆಯ ಮೀಟರ್ ಹಾಕಿಸಿದ್ದ. ಹೈವೇಗೆ ಬಿದ್ದರೆ ಕಾರು ಸಿಳ್ಳೆ ಹಾಕುತ್ತಿತ್ತು, ಜೊತೆಗೆ ಅವನೂ ಹಾಕುತ್ತಿದ್ದ. "ಮುಳ್ಳು ನೋಡೇ. ಸುಮ್ನೆ ನಿಂತಾಗ ಎಂಜಿನ್ ಗಾಳಿ ಎಳ್ಕೊಂತೈತೆ, ಮುಳ್ಳು ಸೊನ್ನೆಗಿಂತ ಕೆಳಗೆ. ತುಳಿದ್ರೆ ಟರ್ಬೊ ಊದ್ತೈತೆ, ಮುಳ್ಳು ಮ್ಯಾಲೆ." ಅವಳು "ಹ್ಞೂಂ" ಅನ್ನುತ್ತಿದ್ದಳು. ಮನಸ್ಸು ಮನೆಯಲ್ಲಿ ನೆನೆಹಾಕಿದ ಬೇಳೆಯ ಮೇಲೆ ಇರುತ್ತಿತ್ತು. ಮಾಯಕೊಂಡದ ರಸ್ತೆಯಲ್ಲಿ ಅವಳಿಗೆ ಕಾರು ಕಲಿಸಿದ್ದೂ ಅವನೇ. ಬೈದು ಕಲಿಸಿದ, ಬೈಸಿಕೊಂಡೂ ಕಲಿಸಿದ.

ಹೋದ ಬೇಸಿಗೆಯಲ್ಲಿ ಅವನು ತೀರಿಕೊಂಡ. ಎದೆ ಹಿಡಿದುಕೊಂಡಿತು ಅಂದ, ಕೂತ, ಅಷ್ಟೇ.

ಮೈದುನ ಕರಿಬಸವರಾಜನದು ಹರಿಹರದಲ್ಲಿ ಸಿಮೆಂಟ್ ಅಂಗಡಿ. ಕೆಟ್ಟವನಲ್ಲ. ಕಾರು ನಿಂತಲ್ಲೇ ತುಕ್ಕು ಹಿಡಿಯುತ್ತದೆಂದು ಕೊಳ್ಳುವವನೊಬ್ಬನನ್ನು ಹುಡುಕಿಯೇಬಿಟ್ಟ. ಬಸವಣ್ಣೆಮ್ಮ ಕೊಡಲ್ಲ ಅಂದಳು. ಮಾತಿಗೆ ಮಾತು ಬೆಳೆಯಿತು.

"ಅತ್ಗೆಮ್ಮ, ಅದು ಗಿರಣಿ ಅಲ್ಲ, ಸ್ವಿಚ್ ಒತ್ತಿ ಸುಮ್ನಿರೋಕೆ. ಹಬ್ಬಕ್ಕೆ ಬನ್ನಿ ಕೊಡೋಕೆ ನಮ್ಮನೆಗೆ ಬರ್ತೀರಲ್ಲ, ಅದ್ರಲ್ಲೇ ಬರ್ರಿ. ನೆಟ್ಟಗೆ ಬಂದ್ರೆ ಇಟ್ಕೊಳ್ರಿ. ದಾರೀಲಿ ಕೆಟ್ರೆ ಮಾರೋದು."

"ಆಗ್ಲಿ ಕಣಪ್ಪ," ಅಂದಳು ಬಸವಣ್ಣೆಮ್ಮ.

ಆಯುಧಪೂಜೆಯ ದಿನ ಗಿರಣಿ ತೊಳೆದಳು, ಆಮೇಲೆ ಕಾರು ತೊಳೆದಳು. ಬಾನೆಟ್ ಎತ್ತಿ ಒಳಗೂ ಒರೆಸಿದಳು. ಎಂಜಿನ್ ಪಕ್ಕದಲ್ಲಿ ಒಂದು ಡಬ್ಬಿ ಇತ್ತು. ಅದರ ತಲೆಯ ಮೇಲೆ ಪುಟ್ಟ ಜಾಲರಿಯ ಟೋಪಿ. ಟೋಪಿಯ ಸುತ್ತ ಆಯಿಲ್ ಜಿಡ್ಡು. ಒರೆಸಿದಳು. ಸ್ಟಾರ್ಟ್ ಮಾಡಿ ನೋಡಿದರೆ ಅದರಿಂದ ತೆಳ್ಳನೆಯ ಹೊಗೆ. ವಿಭೂತಿ ಹಚ್ಚಿ, ಹೂ ಏರಿಸಿದ ಗಾಡಿ ಹೀಗೆ ಕೊಳಕು ಉಸಿರು ಬಿಡುವುದೇ? ಎಂಜಿನ್ ಆರಿಸಿ, ಟೋಪಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದಳು. ಅದರ ಮೇಲೆ ಹೊಸ ಕುಪ್ಪಸದ ಬಟ್ಟೆ ಹಾಕಿ, ಉಪ್ಪಿನಕಾಯಿ ಜಾಡಿಗೆ ಕಟ್ಟುವಂತೆ ದಾರ ಬಿಗಿದಳು. ಕೊನೆಗೊಮ್ಮೆ ಒರೆಸುವಾಗ ಒಂದು ಸಣ್ಣ ರಬ್ಬರ್ ಪೈಪು ಬಟ್ಟೆಗೆ ಸಿಕ್ಕಿ ಕಿತ್ತುಬಂತು. ಅದು ಅವಳಿಗೆ ಗೊತ್ತಾಗಲೇ ಇಲ್ಲ.

ಮರುದಿನ ಬನ್ನಿ ಎಲೆ ತಟ್ಟೆಯಲ್ಲಿಟ್ಟುಕೊಂಡು ಹೊರಟಳು. ಸೀಟು ಗಂಡನ ಕಾಲಿನ ಅಳತೆಗೇ ಇತ್ತು. ಮುಂದಕ್ಕೆ ಎಳೆದಿರಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಳು.

ಕಾರು ಮನೆಯ ಮುಂದೆಯೇ ತಕರಾರು ತೆಗೆಯಿತು. ನಿಂತಲ್ಲೇ ಗುರ್ ಎಂದು ಏರುವುದು, ಸಾಯುವ ಹಾಗೆ ಇಳಿಯುವುದು. ಎಲ್ಲಿಂದಲೋ ಸುಯ್ ಎಂಬ ಸದ್ದು. ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಪಿ.ಬಿ. ರಸ್ತೆಯಲ್ಲಿ ಸ್ವಲ್ಪ ತುಳಿದಳು. ಬಾನೆಟ್ಟಿನಿಂದ ಹೊಗೆ ಎದ್ದಿತು. ಪಕ್ಕದ ಆಟೋದವನು ಕೂಗಿ ಹೇಳಿದ, "ಅಮ್ಮಾರೆ, ಒಳಗೆ ಒಗ್ಗರಣೆ ಸೀದೈತೆ ನೋಡ್ರಿ."

ಪುಣ್ಯಕ್ಕೆ ಜಮಾಲ್ ಸಾಬರ ಗ್ಯಾರೇಜು ಅಲ್ಲೇ ಮುಂದಿತ್ತು. ಟರ್ಬೊ ಕೂರಿಸಿದ್ದು ಅವರೇ. ಬಾನೆಟ್ ಎತ್ತಿದರು. ಆಯಿಲ್ ನೋಡುವ ಕಡ್ಡಿ ತನ್ನ ಜಾಗ ಬಿಟ್ಟು ಮೇಲೆ ಎದ್ದಿತ್ತು. ಅಲ್ಲಿಂದ ಚಿಮ್ಮಿದ ಆಯಿಲ್ ಬಿಸಿ ಪೈಪಿನ ಮೇಲೆ ಸುಡುತ್ತಿತ್ತು. ಸಾಬರು ಕುಪ್ಪಸದ ಬಟ್ಟೆ ನೋಡಿದರು. ಅವಳನ್ನು ನೋಡಿದರು.

"ಇದಕ್ಕೆ ಯಾರು ಮಡಿ ಉಡಿಸಿದ್ದು?"

"ನಾನೇ. ಹೊಲಸು ಗಾಳಿ ಬಿಡ್ತಿತ್ತು."

"ಬಿಡ್ಲೇಬೇಕು ಅಕ್ಕಾರೆ. ಪಿಸ್ಟನ್ ಸಂದಿಯಿಂದ ಒಂದಿಷ್ಟು ಗಾಳಿ ಕೆಳಗೆ ಇಳಿದೇ ಇಳೀತೈತೆ. ಟರ್ಬೊ ಗಾಡೀಲಿ ಇನ್ನೂ ಜಾಸ್ತಿ. ಅದು ಹೊರಗೆ ಹೋಗೋಕೆ ಇದೇ ಬಾಗ್ಲು. ಡಬ್ಬಿ ಆಯಿಲ್ ಹಿಡ್ಕೊಂಡು ಬರೀ ಗಾಳಿ ಬಿಡ್ತೈತೆ. ನೀವು ಬಾಗ್ಲು ಹಾಕಿದ್ರಿ, ಅದು ಕಿಟಕಿ ಒದ್ದು ಬಂತು."

ಬಸವಣ್ಣೆಮ್ಮ ಡಬ್ಬಿಯನ್ನೇ ನೋಡಿದಳು. ಗಿರಣಿಯಲ್ಲಿ ಹಿಟ್ಟು ಬೀಳುವ ಬಾಯಿಗೆ ಬಟ್ಟೆಯ ಚೀಲ ಕಟ್ಟಿರುತ್ತದೆ. ಹಿಟ್ಟು ಕೆಳಗೆ ಉಳಿಯುತ್ತದೆ, ಗಾಳಿ ಬಟ್ಟೆಯಿಂದ ಆಚೆ ಹೋಗುತ್ತದೆ.

"ನಮ್ಮ ಹಿಟ್ಟಿನ ಚೀಲದಂಗೆ."

"ಅದೇ."

"ಅದಕ್ಕೆ ಯಾರಾದ್ರೂ ಪ್ಲಾಸ್ಟಿಕ್ ಮುಚ್ಚಿದ್ರೆ ನಾನು ಊರು ಕೇಳೋ ಹಂಗೆ ಬೈತೀನಿ."

"ಹಂಗಾರೆ ನಿಮ್ಮನ್ನ ನೀವೇ ಬೈಕೊಳ್ರಿ. ಅಲ್ಲೀತನಕ ನಾನು ಆಯಿಲ್ ಒರೆಸ್ತೀನಿ."

ಬಟ್ಟೆ, ಪ್ಲಾಸ್ಟಿಕ್ ಬಿಚ್ಚಿ ಒರೆಸುವಾಗ ಮೀಟರಿಗೆ ಹೋಗುವ ಪೈಪು ಕಿತ್ತುಬಂದಿದ್ದೂ ಕಂಡಿತು. ಸಾಬರು ಎಂಜಿನ್ ಸ್ಟಾರ್ಟ್ ಮಾಡಿ, ಪೈಪು ಇರಬೇಕಾದ ತೂತು ತೋರಿಸಿದರು. "ಬೆರಳಿಡ್ರಿ." ಇಟ್ಟಳು. ಹಸುಗೂಸು ಚೀಪಿದ ಹಾಗೆ ಬೆರಳನ್ನು ಒಳಕ್ಕೆ ಎಳೆಯಿತು. ಸುಯ್ ಎಂಬುದು ನಿಂತಿತು, ಎಂಜಿನ್ ಸಮಾಧಾನವಾಯಿತು. ಬೆರಳು ತೆಗೆದಳು. ಮತ್ತೆ ರಂಪ.

"ಕಳ್ಳಗಾಳಿ ನುಗ್ಗಿದ್ರೆ ಅದಕ್ಕೆ ಲೆಕ್ಕ ತಪ್ತೈತೆ," ಅಂದರು ಸಾಬರು. "ಈಗ ಡಬ್ಬಿ ಮ್ಯಾಲೆ ಕೈ ಹಿಡೀರಿ."

ಅಲ್ಲಿ ಬೆಚ್ಚಗೆ ಊದುತ್ತಿತ್ತು.

"ಇಲ್ಲಿ ಎಳೀತೈತೆ, ಅಲ್ಲಿ ಊದ್ತೈತೆ."

"ಅಷ್ಟೇ ಅಕ್ಕಾರೆ. ರುದ್ರಮುನಿಯೋರು ಹೇಳಿರ್ಲಿಲ್ವಾ?"

"ಹೇಳಿದ್ರು. ನಾನು ಹ್ಞೂಂ ಅಂದಿದ್ದೆ."

ಸಾಬರು ಪೈಪು ಸಿಕ್ಕಿಸಲು ಬಗ್ಗಿದರು. ಅವಳು ಕೈ ಅಡ್ಡ ಹಿಡಿದಳು. ಇನ್ನೊಂದು ಸಲ ಬೆರಳಿಟ್ಟು ನೋಡಿದಳು. ಇನ್ನೊಂದು ಸಲ ಹೇಳಿ ಅಂದಳು. ಸಾಬರು ಮೊದಲಿಂದ ಹೇಳಿದರು. ಈ ಸಲ ಪೂರ್ತಿ ಕೇಳಿದಳು. ಪೈಪು ಅವಳೇ ಸಿಕ್ಕಿಸಿದಳು.

ಹರಿಹರದಲ್ಲಿ ಕರಿಬಸವರಾಜ ಬಾಗಿಲಲ್ಲೇ ಕಾಯುತ್ತಿದ್ದ. ಸೈಲೆನ್ಸರಿನ ಹಿಂದೆ ಕೂತು ಬಿಳಿ ಕರ್ಚೀಫು ಹಿಡಿದ. ಕಪ್ಪಾಗಲಿಲ್ಲ. ಕಿವಿಗೊಟ್ಟು ಕೇಳಿದ. ಎಂಜಿನ್ ಒಂದೇ ಹದದಲ್ಲಿ ಇತ್ತು. ಅವನ ಮುಖ ಸಣ್ಣಗಾಯಿತು.

"ನೆಟ್ಟಗೆ ಬಂತಲ್ಲ ಅತ್ಗೆಮ್ಮ."

ಹ್ಞೂಂ ಅಂದರೆ ಮುಗಿಯುತ್ತಿತ್ತು. ಬಸವಣ್ಣೆಮ್ಮನಿಗೆ ಅದು ಬರಲಿಲ್ಲ.

"ಇಲ್ಲ. ಪಿ.ಬಿ. ರಸ್ತೇಲಿ ಕೆಟ್ಟಿತ್ತು. ಉಸಿರಾಡೋ ಬಾಯಿಗೆ ನಾನೇ ಬಟ್ಟೆ ಕಟ್ಟಿದ್ದೆ. ಪೈಪೂ ನಾನೇ ಕಿತ್ತಿದ್ದೆ."

"ಮತ್ತೆ ಸೋತ್ರಲ್ಲ."

"ಸೋತೋಳು ನಾನು. ಗಾಡಿ ಸೋತಿಲ್ಲ. ನನ್ನನ್ನ ಮಾರ್ತೀಯೇನಪ್ಪ?"

"ನಿಮ್ಮನ್ನ ಯಾರು ತಗೊಂತಾರೆ," ಅಂದ ಕರಿಬಸವರಾಜ. ಒಳಗಿನಿಂದ ಅವನ ಹೆಂಡತಿ ನಕ್ಕಿದ್ದು ಕೇಳಿಸಿತು.

ಬನ್ನಿ ಕೊಟ್ಟು, ತಗೊಂಡು, ಹೋಳಿಗೆ ಉಂಡ ಮೇಲೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡಳು. ತುಂಗಭದ್ರೆಯ ಸೇತುವೆ ದಾಟಿ, ರಸ್ತೆ ಖಾಲಿ ಇದ್ದಲ್ಲಿ ತುಳಿದಳು. ಮುಳ್ಳು ಸೊನ್ನೆ ದಾಟಿ ಮೇಲೇರಿತು. ಕಾರು ಸಿಳ್ಳೆ ಹಾಕಿತು.

"ನಿಧಾನ, ಅತ್ಗೆಮ್ಮ."

"ಮುಳ್ಳು ನೋಡು. ಈಗ ಊದ್ತೈತೆ."

ಅವನು ಮುಳ್ಳು ನೋಡಲಿಲ್ಲ. ಎರಡೂ ಕೈಯಲ್ಲಿ ಬಾಗಿಲ ಹಿಡಿ ಹಿಡಿದಿದ್ದ. ಅವಳು ಕಾಲು ಸಡಿಲಿಸಿದಾಗ ಒಂದು ಕೈ ಬಿಟ್ಟು ಫೋನು ತೆಗೆದ. ಕೊಳ್ಳುವವನಿಗೆ ಮಾಡಿದ.

"ಇಲ್ರಿ, ಆ ಗಾಡಿ ಇಲ್ಲ. ಇಲ್ಲ ಇಲ್ಲ, ಕೆಟ್ಟಿಲ್ಲ. ಮನೆಯೋರೇ ಓಡಿಸ್ತಾರಂತೆ."